ಉಪವಾಸದ ಭಾರ ಯಾರ ಹೆಗಲಿಗೆ?

ಬೂದಿ ಬುಧವಾರಕ್ಕೆ ಹದಿನೈದು ದಿನ ಮುಂಚಿತವಾಗಿ ನಮ್ಮ ದೇವಾಲಯದ ಬಾಗಿಲಲ್ಲಿ ಒಂದು ಬಿದಿರಿನ ಬುಟ್ಟಿಯನ್ನು ಇಡುತ್ತೇವೆ. ಹಿಂದಿನ ವರ್ಷದ ಗರಿಗಳ ಭಾನುವಾರ ಮನೆಗೆ ಕೊಂಡೊಯ್ದು, ಶಿಲುಬೆಯ ಹಿಂದೆಯೋ ಪವಿತ್ರ ಹೃದಯದ ಪಟದ ಮೇಲೆಯೋ ಸಿಕ್ಕಿಸಿದ್ದ ಗರಿಗಳನ್ನು ಜನರು ತಂದು ಅದರಲ್ಲಿ ಹಾಕುತ್ತಾರೆ. ಅವನ್ನು ಸುಟ್ಟ ಬೂದಿಯೇ ನಮ್ಮ ಹಣೆಗೆ ಬರುತ್ತದೆ. ಒಲೆಯ ಹೊಗೆ ಹಿಡಿದು ಕಪ್ಪಾದ ಗರಿ, ಮಕ್ಕಳು ಶಿಲುಬೆಯಾಕಾರದಲ್ಲಿ ಹೆಣೆದ ಗರಿ, ಜೇಡರ ಬಲೆ ಅಂಟಿಕೊಂಡೇ ಬಂದ ಗರಿ, ಎಲ್ಲವೂ ಅಲ್ಲಿರುತ್ತವೆ. ಆ ಬುಟ್ಟಿಯನ್ನು ನೋಡಿದಾಗಲೆಲ್ಲ ತಪಸ್ಸುಕಾಲದ ಮೊದಲ ಸಾಮಗ್ರಿ ಮನೆಗಳಿಂದಲೇ ಬರುತ್ತದಲ್ಲ ಎಂದು ನನಗೆ ಅನ್ನಿಸುವುದುಂಟು. ಹಾಗಿದ್ದರೂ ತಪಸ್ಸುಕಾಲದ ನಮ್ಮ ಪ್ರಬೋಧನೆಗಳು ಬಹುಮಟ್ಟಿಗೆ ಒಬ್ಬೊಬ್ಬ ವ್ಯಕ್ತಿಯನ್ನು ಕುರಿತಾಗಿಯೇ ಇರುತ್ತವೆ. ನಾನು ಏನನ್ನು ತ್ಯಜಿಸಬೇಕು, ನಾನು ಎಷ್ಟು ಪ್ರಾರ್ಥಿಸಬೇಕು ಎಂಬುದೇ ಅವುಗಳ ಕೇಂದ್ರ. ನಾಲ್ಕು ಜನ ಕೂಡಿ ಬಾಳುವ ಒಂದು ಮನೆ ಹೇಗೆ ತಪಸ್ಸು ಮಾಡಬೇಕು ಎಂಬ ಪ್ರಶ್ನೆಗೆ ಗುರುಮಠದಲ್ಲಿ ನಮಗೆ ಹೆಚ್ಚೇನೂ ಕಲಿಸಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ತಪಸ್ಸುಕಾಲದ ಎರಡನೆಯ ವಾರದಲ್ಲಿ, ಕುಟುಂಬಗಳ ಭೇಟಿಗೆ ಹೋಗಿದ್ದೆ. ಒಂದು ಮನೆಯ ಯಜಮಾನರು ನಿಜಕ್ಕೂ ಭಕ್ತಿವಂತರು. ನಲವತ್ತು ದಿನವೂ ಮಾಂಸ ಮೀನು ಮುಟ್ಟುವವರಲ್ಲ. ಬುಧವಾರ, ಶುಕ್ರವಾರ ಒಂದೊತ್ತು. ಅವರ ತಾಯಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಮುದ್ದೆಯಾಗಬೇಕು. ಮಗ ಹತ್ತನೆಯ ತರಗತಿ. ಓದುವ ಹುಡುಗನಿಗೆ ಶಕ್ತಿ ಬೇಕೆಂದು ಮೊಟ್ಟೆಯೋ ಕೋಳಿಯೋ ಆಗಲೇಬೇಕು. ಯಜಮಾನರ ಪತ್ನಿ ಕಾಫಿ ತಂದಿಟ್ಟು, ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದರು: “ಫಾದರ್, ಇವರ ತಪಸ್ಸು ಶುರುವಾದರೆ ನನಗೆ ದಿನಾ ಮೂರು ಥರದ ಅಡುಗೆ. ಹಾಗಾದರೆ ನನ್ನ ತಪಸ್ಸು ಯಾವುದು?” ಯಜಮಾನರು ನಕ್ಕರು. ನಾನೂ ನಕ್ಕೆ. “ಅದೇ ನಿಮ್ಮ ತಪಸ್ಸು ಅಮ್ಮ. ಅದನ್ನೇ ಯೇಸುಸ್ವಾಮಿಗೆ ಒಪ್ಪಿಸಿಬಿಡಿ” ಎಂದೆ. ಆಕೆ ತಲೆಯಾಡಿಸಿ, ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಆ ಉತ್ತರ ದೈವಶಾಸ್ತ್ರದ ದೃಷ್ಟಿಯಿಂದ ತಪ್ಪೇನಲ್ಲ. ನಾವು ಆರಿಸಿಕೊಳ್ಳದ ಕಷ್ಟವನ್ನೂ ಕ್ರಿಸ್ತರ ಯಾತನೆಯೊಂದಿಗೆ ಕೂಡಿಸಿ ಅರ್ಪಿಸಬಹುದೆಂದು ಸಂತ ಪೌಲರ ಕಾಲದಿಂದ ಧರ್ಮಸಭೆ ನಂಬಿಕೊಂಡು ಬಂದಿದೆ. ಎಷ್ಟೋ ರೋಗಿಗಳು, ಎಷ್ಟೋ ವಿಧವೆಯರು ಆ ನಂಬಿಕೆಯಿಂದಲೇ ಬದುಕಿದ್ದಾರೆ. ಆದರೂ ದಾರಿಯುದ್ದಕ್ಕೂ ನನ್ನ ಮಾತು ನನ್ನನ್ನೇ ಚುಚ್ಚುತ್ತಿತ್ತು. ಆಕೆಯ ಹೆಗಲ ಮೇಲೆ ಆಗಲೇ ಇದ್ದ ಹೊರೆಗೆ ಒಂದು ಒಳ್ಳೆಯ ಹೆಸರು ಕೊಟ್ಟು ಎದ್ದು ಬಂದಿದ್ದೆನೇ ಹೊರತು, ಆ ಹೊರೆಯ ಒಂದು ತುದಿಯನ್ನು ಹಿಡಿಯಿರಿ ಎಂದು ಪಕ್ಕದಲ್ಲೇ ಕುಳಿತಿದ್ದವರಿಗೆ ಹೇಳಿರಲಿಲ್ಲ. ಧರ್ಮಶಾಸ್ತ್ರಿಗಳು ಜನರ ಭುಜದ ಮೇಲೆ ಭಾರವಾದ ಹೊರೆಗಳನ್ನು ಹೊರಿಸಿ, ತಾವು ಬೆರಳಿಂದಲೂ ಅವನ್ನು ಮುಟ್ಟುವುದಿಲ್ಲವೆಂದು ಪ್ರಭು ಹೇಳಿದ್ದು ಮತ್ತಾಯನ ಶುಭಸಂದೇಶದ 23ನೆಯ ಅಧ್ಯಾಯದಲ್ಲಿದೆ. ಅದನ್ನು ಓದುವಾಗಲೆಲ್ಲ ಧರ್ಮಶಾಸ್ತ್ರಿಗಳೆಂದರೆ ಬೇರೆ ಯಾರೋ ಎಂದೇ ನಾನು ಭಾವಿಸಿಕೊಂಡಿದ್ದೆ.

ಆಕೆಯ ಪ್ರಶ್ನೆಯನ್ನು ತರ್ಕದ ಭಾಷೆಯಲ್ಲಿ ಹೀಗಿಡಬಹುದು: ಒಬ್ಬರ ತ್ಯಾಗದ ಬೆಲೆಯನ್ನು ಇನ್ನೊಬ್ಬರು ತೆರುವುದಾದರೆ ಅದು ಯಾರ ತ್ಯಾಗ? ಇದಕ್ಕೆ ಪವಿತ್ರ ಗ್ರಂಥದಲ್ಲಿ ಒಂದು ನೇರ ಪ್ರಸಂಗವಿದೆ. ಎರಡನೆಯ ಸಮುವೇಲನ ಗ್ರಂಥದ ಕೊನೆಯಲ್ಲಿ, ನಾಡಿಗೆ ಅಂಟುಜಾಡ್ಯ ಬಡಿದಾಗ ದಾವೀದ ಅರಸ ಅರೌನ ಎಂಬವನ ಕಣಕ್ಕೆ ಬರುತ್ತಾನೆ. ಅಲ್ಲಿ ಬಲಿಪೀಠ ಕಟ್ಟಬೇಕು. ಅರೌನ ಉದಾರಿ. ಎತ್ತುಗಳನ್ನೂ, ಸೌದೆಗಾಗಿ ನೊಗ ಮತ್ತು ಹಂತಿಯ ಮರಮುಟ್ಟನ್ನೂ ಬಿಟ್ಟಿಯಾಗಿ ಕೊಡಲು ಮುಂದೆ ಬರುತ್ತಾನೆ. ದಾವೀದ ಒಪ್ಪುವುದಿಲ್ಲ. ತನಗೆ ಏನೂ ಖರ್ಚಾಗದ ಬಲಿಯನ್ನು ದೇವರಿಗೆ ಅರ್ಪಿಸುವುದಿಲ್ಲವೆಂದು ಹೇಳಿ 50 ಬೆಳ್ಳಿ ನಾಣ್ಯ ಎಣಿಸಿ ಕೊಟ್ಟು ಕೊಳ್ಳುತ್ತಾನೆ. ಇಲ್ಲಿ ಗಮನಿಸಬೇಕಾದದ್ದೊಂದಿದೆ: ಅರೌನ ಸ್ವಇಚ್ಛೆಯಿಂದ ಕೊಡುತ್ತಿದ್ದ, ಯಾರೂ ಬಲವಂತ ಮಾಡಿರಲಿಲ್ಲ. ಅಷ್ಟಿದ್ದೂ ದಾವೀದನಿಗೆ ಇನ್ನೊಬ್ಬನ ಎತ್ತಿನಿಂದ ತನ್ನ ಹರಕೆ ತೀರಿಸುವುದು ಸರಿಕಾಣಲಿಲ್ಲ. ಹೀಗಿರುವಾಗ ಕೇಳದೆಯೇ ಇನ್ನೊಬ್ಬರ ದುಡಿಮೆಯನ್ನು ನಮ್ಮ ಬಲಿಪೀಠಕ್ಕೆ ಸೌದೆಯಾಗಿಸುವ ಬಗ್ಗೆ ಏನು ಹೇಳೋಣ?

ಧರ್ಮಸಭೆಯ ಕಟ್ಟಳೆ ಇಂದು ಬಹಳ ಹಗುರ. 1983ರ ಕಾನೂನು ಸಂಹಿತೆಯ ಪ್ರಕಾರ ಉಪವಾಸ ಕಡ್ಡಾಯವಾಗಿರುವುದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ. ಅದೂ 18 ತುಂಬಿದವರಿಂದ 59 ತುಂಬುವವರೆಗೆ. ಮಾಂಸವರ್ಜನೆ 14 ತುಂಬಿದವರೆಲ್ಲರಿಗೆ. (ನನಗೆ ಬಿಡುಗಡೆಯಾಗಲು ಇನ್ನೂ ಕೆಲವು ವರ್ಷ ಬಾಕಿ ಇದೆ.) ಇಷ್ಟು ಹಗುರವಾದ ಕಟ್ಟಳೆಯನ್ನು ನಾವು ಎಷ್ಟು ಚಾತುರ್ಯದಿಂದ ಪಾಲಿಸುತ್ತೇವೆ ನೋಡಿ. ಶುಕ್ರವಾರ ಮಾಂಸ ನಿಷಿದ್ಧ, ಮೀನಿಗೆ ಅಡ್ಡಿಯಿಲ್ಲ. ಆದ್ದರಿಂದ ಕೋಳಿಗಿಂತ ಎರಡು ಪಟ್ಟು ಬೆಲೆಯ ಅಂಜಲ್ ಮೀನು ಬಂದು, ಹೆಚ್ಚುವರಿಯಾಗಿ ಮಸಾಲೆ ಅರೆದು, ತವದ ಮುಂದೆ ಅರ್ಧ ಗಂಟೆ ನಿಂತು ಯಾರೋ ಅದನ್ನು ಹುರಿಯುತ್ತಾರೆ. ಮೀನು ತಿನ್ನದವರಿಗೆ ಪನ್ನೀರು. ಐದನೆಯ ಶತಮಾನದ ಹೊತ್ತಿಗೇ ಸಂತ ಅಗಸ್ಟೀನರು ತಪಸ್ಸುಕಾಲದ ಪ್ರಬೋಧನೆಗಳಲ್ಲಿ, ಮಾಂಸದ ಬದಲಿಗೆ ಅಪರೂಪದ ದುಬಾರಿ ಭಕ್ಷ್ಯಗಳನ್ನು ಹುಡುಕುವವರನ್ನು ತರಾಟೆಗೆ ತೆಗೆದುಕೊಂಡಿದ್ದರು. ಅಂಥವರು ನಾಲಗೆಯ ಆಸೆಯನ್ನು ಕಡಿಮೆ ಮಾಡಿಕೊಳ್ಳುವುದಿಲ್ಲ, ಬದಲಾಯಿಸಿಕೊಳ್ಳುತ್ತಾರೆ ಅಷ್ಟೇ ಎಂಬುದು ಅವರ ಆಕ್ಷೇಪ. ಹದಿನಾರು ಶತಮಾನ ಕಳೆದರೂ ನಾಲಗೆ ಅದೇ.

ಬೂದಿ ಬುಧವಾರದ ನಂತರದ ಶುಕ್ರವಾರ ಬಲಿಪೂಜೆಯಲ್ಲಿ ಪ್ರವಾದಿ ಯೆಶಾಯನ 58ನೆಯ ಅಧ್ಯಾಯವನ್ನು ಓದುತ್ತೇವೆ. ಉಪವಾಸ ಮಾಡಿದರೂ ದೇವರು ನಮ್ಮತ್ತ ನೋಡಲಿಲ್ಲವೇಕೆ ಎಂದು ಜನ ಅಲ್ಲಿ ದೂರುತ್ತಾರೆ. ದೇವರ ಉತ್ತರ ಮೊದಲು ಹೋಗುವುದು ಅವರ ಆಳುಗಳ ಕಡೆಗೆ: ನೀವು ಉಪವಾಸವಿರುವ ಅದೇ ದಿನ ನಿಮ್ಮ ಕೆಲಸಗಾರರನ್ನು ಹಿಂಡುತ್ತೀರಿ ಎನ್ನುತ್ತಾರೆ. ಆಮೇಲೆ ತಮಗೆ ಮೆಚ್ಚುಗೆಯಾದ ಉಪವಾಸ ಯಾವುದೆಂದು ಹೇಳುತ್ತಾರೆ. ನೊಗ ಮುರಿಯುವುದು, ಹಸಿದವನಿಗೆ ಅನ್ನ, ನೆಲೆಯಿಲ್ಲದವನಿಗೆ ಮನೆ, ಬಟ್ಟೆಯಿಲ್ಲದವನಿಗೆ ಬಟ್ಟೆ. ಇವು ನಮಗೆ ಬಾಯಿಪಾಠ. ಆ ಪಟ್ಟಿಯ ಕೊನೆಯ ಅಂಶವನ್ನು ಮಾತ್ರ ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಸ್ವಂತ ರಕ್ತಸಂಬಂಧಿಕರಿಂದ ಮುಖ ಮರೆಸಿಕೊಳ್ಳದಿರುವುದು ಅದು. ಪ್ರವಾದಿ ಬೀದಿಯಿಂದ ಆರಂಭಿಸಿ ಕೊನೆಗೆ ಮನೆಯೊಳಗೆ ಬಂದು ನಿಲ್ಲುತ್ತಾನೆ. ಮನೆಯವರ ದಣಿವು ನಮಗೆ ಕಾಣದಂತಾಗುವುದೂ ಒಂದು ರೀತಿಯ ಮುಖ ಮರೆಸುವಿಕೆಯೇ ಅಲ್ಲವೇ?

ಆದಿ ಕ್ರೈಸ್ತರಿಗೆ ಈ ವಿಷಯದಲ್ಲಿ ಗೊಂದಲವಿರಲಿಲ್ಲ. ಎರಡನೆಯ ಶತಮಾನದಲ್ಲಿ ರೋಮಾಪುರಿಯಲ್ಲಿ ಹರ್ಮಾಸ್ ಎಂಬವನು ಬರೆದ ‘ಕುರುಬ’ ಎಂಬ ಗ್ರಂಥದಲ್ಲಿ ಉಪವಾಸದ ವಿಧಾನವನ್ನು ತಿಳಿಸಲಾಗಿದೆ: ಆ ದಿನ ರೊಟ್ಟಿ ಮತ್ತು ನೀರು ಮಾತ್ರ, ಎಂದಿನಂತೆ ಉಂಡಿದ್ದರೆ ಎಷ್ಟು ಖರ್ಚಾಗುತ್ತಿತ್ತೆಂದು ಲೆಕ್ಕ ಹಾಕಿ, ಅಷ್ಟನ್ನು ವಿಧವೆಗೋ ಅನಾಥನಿಗೋ ಕೊಡಬೇಕು. ಅದೇ ಶತಮಾನದಲ್ಲಿ ಅಥೆನ್ಸಿನ ತತ್ವಜ್ಞಾನಿ ಅರಿಸ್ಟೈಡಿಸ್ ರೋಮ್ ಚಕ್ರವರ್ತಿಗೆ ಕ್ರೈಸ್ತರ ಪರವಾಗಿ ಬರೆದ ಸಮರ್ಥನೆಯಲ್ಲಿ ಇನ್ನೂ ಮನಕಲಕುವ ಮಾತಿದೆ. ತಮ್ಮಲ್ಲಿ ಒಬ್ಬ ಬಡವನಿದ್ದು, ಅವನಿಗೆ ಕೊಡಲು ಹೆಚ್ಚುವರಿ ಆಹಾರ ಇಲ್ಲದಿದ್ದರೆ, ಈ ಜನ ಎರಡು ಮೂರು ದಿನ ಉಪವಾಸವಿದ್ದು ಉಳಿಸಿ ಅವನಿಗೆ ಕೊಡುತ್ತಾರೆಂದು ಅವನು ವಿವರಿಸುತ್ತಾನೆ. ಅವರು ಮೊದಲು ಉಪವಾಸ ಮಾಡಿ ನಂತರ ದಾನಕ್ಕೆ ಯಾರು ಸಿಗುತ್ತಾರೆಂದು ನೋಡಿದವರಲ್ಲ. ಪಕ್ಕದವನ ಹಸಿವೇ ಅವರಿಗೆ ಉಪವಾಸದ ಕಾರಣ. ಅಲ್ಲಿ ಒಂದು ಮನೆಯ ತಟ್ಟೆ ಖಾಲಿಯಾದರೆ ಇನ್ನೊಂದು ಮನೆಯ ತಟ್ಟೆ ತುಂಬುತ್ತಿತ್ತು. ನಮ್ಮ ಉಪವಾಸದಲ್ಲಿ ಎಷ್ಟೋ ಸಲ ಒಂದು ತಟ್ಟೆ ಖಾಲಿಯಾದರೂ ಅಡುಗೆಮನೆಯ ಕೆಲಸ ಮಾತ್ರ ಹೆಚ್ಚುತ್ತದೆ.

ಈ ಯೋಚನೆಯಲ್ಲಿದ್ದಾಗಲೇ ನನ್ನ ಬಾಲ್ಯದ ಶುಭ ಶುಕ್ರವಾರಗಳು ನೆನಪಾದವು. ಹಳೆ ಮೈಸೂರು ಸೀಮೆಯ ನಮ್ಮೂರಿನಲ್ಲಿ ಆ ದಿನ ಯಾವ ಕ್ರೈಸ್ತರ ಮನೆಯಲ್ಲೂ ಒಲೆ ಹೊತ್ತಿಸುತ್ತಿರಲಿಲ್ಲ. ಹಿಂದಿನ ರಾತ್ರಿಯೇ ಅವ್ವ ಒಂದು ದೊಡ್ಡ ಮಡಕೆಯಲ್ಲಿ ರಾಗಿ ಅಂಬಲಿ ಕಾಯಿಸಿಡುತ್ತಿದ್ದಳು. ಮಧ್ಯಾಹ್ನದ ಆರಾಧನೆ ಮುಗಿಸಿ, ಶಿಲುಬೆಗೆ ಮುತ್ತಿಟ್ಟು ಬಂದ ಮೇಲೆ ಅದಕ್ಕೆ ಮಜ್ಜಿಗೆ ಬೆರೆಸಿ ಎಲ್ಲರಿಗೂ ಬಟ್ಟಲಿಗೆ ಹಾಕುತ್ತಿದ್ದಳು. ನಂಜಿಕೊಳ್ಳಲು ಉಪ್ಪು, ಹಸಿ ಈರುಳ್ಳಿ. ಅವತ್ತು ನಮ್ಮ ಬೆಕ್ಕು ತಣ್ಣಗಾದ ಒಲೆಯೊಳಗೆ ಸುರುಳಿ ಸುತ್ತಿ ಮಲಗುತ್ತಿತ್ತು. ಒಲೆಯಲ್ಲಿ ಬೆಕ್ಕು ಮಲಗುವುದು ನಮ್ಮ ಕಡೆ ಬಡತನದ ಮಾತು. ಆದರೆ ಆ ದಿನದ ಚಿತ್ರ ನನ್ನ ಮನಸ್ಸಿನಲ್ಲಿ ಬಡತನದ ಚಿತ್ರವಾಗಿ ಉಳಿದಿಲ್ಲ. ಬಡಿಸುವುದಕ್ಕೆ ಏನೂ ಇಲ್ಲದ್ದರಿಂದ ಅವ್ವ ನಮ್ಮೊಂದಿಗೆ ಗೋಡೆಗೆ ಒರಗಿ ಕುಳಿತು, ನಾವು ಕುಡಿಯುವ ಹೊತ್ತಿಗೇ ತಾನೂ ಕುಡಿಯುತ್ತಿದ್ದಳು. ಮಿಕ್ಕ ದಿನಗಳಲ್ಲಿ ಅವ್ವ ಉಂಡದ್ದನ್ನು ನಾವು ಐದು ಜನ ಮಕ್ಕಳು ಕಂಡೇ ಇರಲಿಲ್ಲ. ನಾವೆಲ್ಲ ಎದ್ದ ಮೇಲೆ, ಉಳಿದಿದ್ದರೆ ಅವಳ ಊಟ. ಅದನ್ನು ನಾವು ತಾಯಿಯ ತ್ಯಾಗ ಎಂದು ಕರೆದೆವು. ತಾಯಂದಿರ ದಿನ ಬಂದಾಗ ಬಲಿಪೀಠದ ಬಳಿ ನಿಂತು ಅದನ್ನು ಹೊಗಳಿ ಮಾತನಾಡಿದ್ದೇನೆ ಕೂಡ. ಅವಳ ಪಾಲಿಗೆ ವರ್ಷದಲ್ಲಿ ಒಂದೇ ಒಂದು ದಿನದ ಉಪವಾಸ ಅವಳನ್ನು ನಮ್ಮ ಪಂಕ್ತಿಗೆ ಕರೆತಂದಿತ್ತೆಂಬುದು ಅವಳನ್ನು ಮಣ್ಣು ಮಾಡಿ ಬಂದ ಎಷ್ಟೋ ವರ್ಷಗಳ ನಂತರ ನನಗೆ ಹೊಳೆಯಿತು.

ತ್ಯಾಗ ಅನ್ನಿಸಿಕೊಳ್ಳಲು ಸ್ವಾತಂತ್ರ್ಯ ಬೇಕು. ಬೇಡವೆನ್ನುವ ಅವಕಾಶವಿದ್ದೂ ಕೊಟ್ಟದ್ದು ತ್ಯಾಗ. ಬೇಡವೆನ್ನಲು ಬಾಯಿಯೇ ಇಲ್ಲದವರಿಂದ ಪಡೆದದ್ದಕ್ಕೆ ಆ ಹೆಸರಿಡುವುದು ಪಡೆದವರ ಸಮಾಧಾನಕ್ಕಾಗಿ. ಇದಕ್ಕೆ ಒಂದು ಆಕ್ಷೇಪ ಬರಬಹುದು. ಶಿಲುಬೆಯ ಹಾದಿಯ ಐದನೆಯ ಸ್ಥಳದಲ್ಲಿ ಸಿರೇನಿನ ಸಿಮೋನನು ಬಲವಂತಕ್ಕೆ ಸಿಕ್ಕಿ ಶಿಲುಬೆ ಹೊತ್ತನಲ್ಲವೇ? ಆ ಬಲವಂತವೇ ಅವನಿಗೆ ವರವಾಗಲಿಲ್ಲವೇ? ಆಗಿರಬಹುದು. ಮಾರ್ಕನು ಅವನ ಇಬ್ಬರು ಮಕ್ಕಳ ಹೆಸರನ್ನೂ ಬರೆದಿಟ್ಟಿದ್ದಾನೆ, ಅಲೆಕ್ಸಾಂಡರ್ ಮತ್ತು ರೂಫಸ್. ಅಪ್ಪ ಹೊತ್ತ ಶಿಲುಬೆಯ ಕಥೆ ಆ ಮನೆಯಲ್ಲಿ ಉಳಿದು ಬೆಳೆದಿರಬೇಕು. ಆದರೆ ಆ ದೃಶ್ಯದಲ್ಲಿ ಸಿಮೋನನನ್ನು ಹಿಡಿದು ಎಳೆದು ತಂದವರೂ ಇದ್ದಾರೆ. ಅವರು ರೋಮನ್ ಸಿಪಾಯಿಗಳು. ಸಿಮೋನನಿಗೆ ದೊರೆತ ಕೃಪೆಯನ್ನು ತೋರಿಸಿ ಸಿಪಾಯಿಗಳ ಕೆಲಸವನ್ನು ಯಾರೂ ಸಮರ್ಥಿಸಲಾರರು. ಆ ಮನೆಯಲ್ಲಿ ನಾನು ಕಾಫಿ ಕುಡಿಯುತ್ತಾ ಮಾಡಿದ್ದು ಹೆಚ್ಚು ಕಡಿಮೆ ಅದೇ ಸಮರ್ಥನೆ.

ಕುಟುಂಬದ ತಪಸ್ಸಿನ ಬಗ್ಗೆ ಮಾತನಾಡುವಾಗ ಕುಡಿತದ ಮಾತನ್ನು ಬಿಟ್ಟರೆ ಅದು ಅಪ್ರಾಮಾಣಿಕವಾದೀತು. ತಪಸ್ಸುಕಾಲದಲ್ಲಿ ಕುಡಿತ ಬಿಡುವ ಗಂಡಸರು ನಮ್ಮ ಧರ್ಮಕೇಂದ್ರಗಳಲ್ಲಿ ಸಾಕಷ್ಟಿದ್ದಾರೆ. ಅವರನ್ನು ಹಗುರವಾಗಿ ಕಾಣುವವನು ನಾನಲ್ಲ. ಊರನ್ನೂ ವರ್ಷವನ್ನೂ ಹೇಳದೆ ಒಂದು ಸಂಗತಿ ತಿಳಿಸುತ್ತೇನೆ. ಧರ್ಮೋಪದೇಶದ ತರಗತಿಯಲ್ಲಿ ನಲವತ್ತು ದಿನದ ಲೆಕ್ಕ ವಿವರಿಸುತ್ತಿದ್ದೆ. ಬೂದಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ 46 ದಿನ. ಆರು ಭಾನುವಾರ ಕಳೆದರೆ 40. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, “ನಲವತ್ತೇ ಯಾಕೆ ಫಾದರ್, ಜಾಸ್ತಿ ಇಡಬಾರದಿತ್ತಾ?” ಎಂದಳು. ಮಿಕ್ಕ ಮಕ್ಕಳು ಗೊಳ್ಳೆಂದು ನಕ್ಕರು. ಅವಳಪ್ಪ ಬೂದಿ ಹಚ್ಚಿಸಿಕೊಂಡ ದಿನ ಬಾಟಲಿ ಬಿಟ್ಟು, ಪಾಸ್ಖ ಹಬ್ಬದ ಮಧ್ಯಾಹ್ನ ಬಾಡೂಟದೊಂದಿಗೆ ಮತ್ತೆ ಹಿಡಿಯುವವರೆಂದು ಆಮೇಲೆ ತಿಳಿಯಿತು. ಕ್ರಿಸ್ತರು ಪುನರುತ್ಥಾನರಾದ ದಿನವನ್ನು ಎದುರು ನೋಡಲು ಹೆದರುವ ಒಂದು ಮಗು ನನ್ನ ಧರ್ಮಕೇಂದ್ರದಲ್ಲಿತ್ತು.

ಆ ತಂದೆಯ ನಲವತ್ತು ದಿನ ಸುಳ್ಳಲ್ಲ. ಆ ದಿನಗಳಲ್ಲಿ ಮನೆ ನೆಮ್ಮದಿಯಾಗಿ ನಿದ್ದೆ ಮಾಡಿತ್ತು. ಆದರೆ ಅವರ ವ್ರತದ ನಿಜವಾದ ಅರ್ಥ ಅವರಿಗಿಂತ ಮಗಳಿಗೆ ಚೆನ್ನಾಗಿ ತಿಳಿದಿತ್ತು. ಅವರಿಗೆ ಅದು ದೇವರೊಂದಿಗೆ ಮಾಡಿಕೊಂಡ ಒಪ್ಪಂದ, ತೀರಿದ ಕೂಡಲೇ ಮುಗಿಯಿತು. ಮಗಳಿಗೆ ಅದು ಬದುಕು ಹೀಗೂ ಇರಬಹುದೆಂಬುದಕ್ಕೆ ಸಾಕ್ಷಿ. ವ್ರತ ಹಿಡಿಯುವ ಮುನ್ನ ಮನೆಯವರನ್ನು ಕೂರಿಸಿಕೊಂಡು ನನ್ನಿಂದ ನಿಮಗೆ ಬೇಕಾದದ್ದೇನು ಎಂದು ಆ ತಂದೆ ಕೇಳಿದ್ದರೆ, ಅವರಿಗೆ ನಲವತ್ತಕ್ಕಿಂತ ದೊಡ್ಡ ಸಂಖ್ಯೆ ಸಿಗುತ್ತಿತ್ತು. ಚಟ ಆಳವಾಗಿ ಬೇರೂರಿದವರಿಗೆ ಅದು ಕಾಯಿಲೆಯೂ ಹೌದೆಂಬುದನ್ನು ಇಲ್ಲಿ ಸೇರಿಸಬೇಕು. ಅತಿಯಾಗಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ದೇಹಕ್ಕೇ ಅಪಾಯವಾಗಬಹುದು. ಅಂಥವರು ಹರಕೆಯ ಜೊತೆಗೆ ವೈದ್ಯರ ಬಳಿಗೂ ಹೋಗಬೇಕು. ವೈದ್ಯರ ಬಾಗಿಲಲ್ಲಿ ಸಾಲು ನಿಲ್ಲುವುದೂ ತಪಸ್ಸೇ. ನನ್ನ ಅನುಭವದಲ್ಲಿ ಅನೇಕರಿಗೆ ಅದು ಉಪವಾಸಕ್ಕಿಂತ ಕಷ್ಟ.

ಮಕ್ಕಳ ವಿಷಯದಲ್ಲಿ ಕಾನೂನು ಸಂಹಿತೆ ಒಂದು ಮಾತು ಹೇಳುತ್ತದೆ, ಅದನ್ನು ನಾವು ಪ್ರಕಟಣೆಯಲ್ಲಿ ಓದುವುದಿಲ್ಲ. ವಯಸ್ಸಿನ ಕಾರಣ ಈ ನಿಯಮಗಳಿಗೆ ಒಳಪಡದ ಮಕ್ಕಳಿಗೂ ಪ್ರಾಯಶ್ಚಿತ್ತದ ನಿಜವಾದ ಅರ್ಥವನ್ನು ಕಲಿಸುವ ಹೊಣೆ ಪಾಲಕ ಗುರುಗಳದ್ದು ಮತ್ತು ತಂದೆತಾಯಿಯರದ್ದು. ನಮ್ಮ ನಾಡಿನಲ್ಲಿ ತಪಸ್ಸುಕಾಲವೆಂದರೆ ಪರೀಕ್ಷಾಕಾಲವೂ ಹೌದು. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳು ಬರುವುದು ಇದೇ ದಿನಗಳಲ್ಲಿ. ಹೀಗಾಗಿ ಮಗುವಿಗೆ ಎಲ್ಲ ವಿನಾಯಿತಿಗಳೂ ಸಿಗುತ್ತವೆ. ಅವನ ತಟ್ಟೆ ಎತ್ತುವುದು ತಾಯಿ, ನೀರು ತಂದುಕೊಡುವುದು ತಂಗಿ. ಚಾಕೊಲೇಟು ಬಿಟ್ಟು ಆ ಹಣವನ್ನು ಡಬ್ಬಿಗೆ ಹಾಕುವಂತೆ ಮಕ್ಕಳಿಗೆ ನಾನೂ ಹೇಳಿದ್ದೇನೆ, ತಪ್ಪಿಲ್ಲ. ಆದರೆ ಆ ಹಣ ತಂದೆಯದ್ದು. ಅರೌನನ ಎತ್ತಿನ ಹಾಗೆ. ಮಗುವಿನದೇ ಆದ ಸಂಪತ್ತೆಂದರೆ ಅದರ ಹೊತ್ತು ಮತ್ತು ಅದರ ಕೈಕಾಲು. ಉಂಡ ತಟ್ಟೆಯನ್ನು ತಾನೇ ತೊಳೆದಿಡುವ, ಸಂಜೆ ಅರ್ಧ ಗಂಟೆ ಮೊಬೈಲು ಬದಿಗಿಟ್ಟು ಅಜ್ಜಿಯ ಪಕ್ಕದಲ್ಲಿ ಕೂರುವ ಹುಡುಗ ತನ್ನ ಸ್ವಂತದ್ದನ್ನು ಕೊಡುತ್ತಾನೆ. ಅದನ್ನು ಹೇರಬಾರದು. ತಂದೆ ತನ್ನ ತಟ್ಟೆಯನ್ನು ತಾನು ತೊಳೆಯುವುದನ್ನು ಮಗ ನೋಡಿದರೆ ಹೆಚ್ಚು ಹೇಳುವ ಅಗತ್ಯವೂ ಬೀಳುವುದಿಲ್ಲ.

ಉಪವಾಸವನ್ನು ಮನುಷ್ಯರಿಗೆ ತೋರಿಸಿಕೊಳ್ಳಬೇಡಿ, ಗುಟ್ಟಾಗಿ ಮಾಡಿ ಎಂದು ಪ್ರಭು ಹೇಳಿದರಲ್ಲ, ಒಂದೇ ಸೂರಿನಡಿ ಅದು ಹೇಗೆ ಸಾಧ್ಯ ಎಂದು ಒಬ್ಬ ಯುವಕ ನನ್ನನ್ನು ಕೇಳಿದ್ದ. ಒಳ್ಳೆಯ ಪ್ರಶ್ನೆ. ಮನೆಯಲ್ಲಿ ಖಾಲಿ ತಟ್ಟೆಯನ್ನು ಬಚ್ಚಿಡಲಾಗದು. ಆದರೆ ಇನ್ನೊಬ್ಬರ ಪಾಲಿನ ಕೆಲಸವನ್ನು ಸದ್ದಿಲ್ಲದೆ ಮುಗಿಸಿ ಇಡುವುದನ್ನು ಬಚ್ಚಿಡಬಹುದು. ನೀರಿನ ಪಾತ್ರೆ ತುಂಬಿರುತ್ತದೆ, ಯಾರು ತುಂಬಿದರೆಂದು ತಿಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಅಂಥ ಗುಟ್ಟಿನ ಕೆಲಸವನ್ನು ಇಷ್ಟು ಕಾಲ ಹೆಣ್ಣುಮಕ್ಕಳೇ ಮಾಡಿಕೊಂಡು ಬಂದಿದ್ದಾರೆ, ಅದಕ್ಕೆ ತಪಸ್ಸೆಂಬ ಹೆಸರೂ ಇರಲಿಲ್ಲ.

ಯೆಶಾಯನ ಆಳುಗಳ ಮಾತಿಗೆ ಮರಳುತ್ತೇನೆ, ಏಕೆಂದರೆ ಅದು ನನ್ನ ಮನೆಗೂ ಬರುತ್ತದೆ. ನಮ್ಮ ಗುರುನಿವಾಸದಲ್ಲಿ ಅಡುಗೆಯವರೊಬ್ಬರಿದ್ದಾರೆ. ನಾನು ಒಂದೊತ್ತು ಇರುವ ದಿನಗಳಲ್ಲಿ ಸಂಜೆಯ ಶಿಲುಬೆಯ ಹಾದಿ ಮುಗಿಸಿ ಎಂಟೂವರೆಗೆ ಬಿಸಿ ಚಪಾತಿ ತಿನ್ನುವುದು ರೂಢಿಯಾಗಿತ್ತು. ಮಿಕ್ಕ ದಿನ ಏಳಕ್ಕೆಲ್ಲ ಮನೆಗೆ ಹೊರಡುವ ಆತ, ನನ್ನ ಉಪವಾಸದ ದಿನ ಕೊನೆಯ ಬಸ್ಸು ಹಿಡಿಯುತ್ತಿದ್ದರು. ಹಲವು ವರ್ಷ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. 2024ರ ತಪಸ್ಸುಕಾಲದಲ್ಲಿ ಬೆಂಗಳೂರಿಗೆ ನೀರಿನ ಬರ ಬಂತು. ಆ ವರ್ಷ ಬೂದಿ ಬುಧವಾರ ಫೆಬ್ರವರಿ 14ಕ್ಕೆ, ಪಾಸ್ಖ ಹಬ್ಬ ಮಾರ್ಚ್ 31ಕ್ಕೆ. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಮಾರ್ಚಿಯಲ್ಲಿ ಆದೇಶ ಹೊರಡಿಸಿತು. ಆಗ ನಮ್ಮ ಮನೆಗಳಲ್ಲಿ ಪಾತ್ರೆ ತಿಕ್ಕುವ ಹೆಂಗಸರು ತಮ್ಮ ಬಡಾವಣೆಯಲ್ಲಿ ಟ್ಯಾಂಕರಿಗೆ ಬಿಂದಿಗೆ ಸಾಲಿಟ್ಟು, ಕಾದು, ನಂತರ ನಮ್ಮ ಮನೆಗೆ ಬರುತ್ತಿದ್ದರು. ತಡವಾದರೆ ನಮ್ಮಿಂದ ಗೊಣಗು. ಒಂದು ಕುಟುಂಬ ಮಾತ್ರ ಆ ನಲವತ್ತು ದಿನ ಶುಕ್ರವಾರಗಳಂದು ಎಲ್ಲರೂ ಬಾಳೆಲೆಯಲ್ಲಿ ಉಂಡು, ಕೆಲಸದಾಕೆಗೆ ಆ ದಿನದ ಸಂಬಳ ಕತ್ತರಿಸದೆ ರಜೆ ಕೊಟ್ಟಿತ್ತು. ಆ ತಪಸ್ಸುಕಾಲದಲ್ಲಿ ನಾನು ಕಂಡ ಅತ್ಯುತ್ತಮ ಉಪವಾಸ ಅದು. ಅದರಲ್ಲಿ ಯಾರೂ ಹಸಿದಿರಲಿಲ್ಲ.

1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯನ್ನು ಕುರಿತ ತನ್ನ ಸಂವಿಧಾನದಲ್ಲಿ, ತಪಸ್ಸುಕಾಲದ ಪ್ರಾಯಶ್ಚಿತ್ತವು ಆಂತರಿಕ ಮತ್ತು ವೈಯಕ್ತಿಕ ಮಾತ್ರವಾಗಿರದೆ ಬಾಹ್ಯವೂ ಸಾಮಾಜಿಕವೂ ಆಗಿರಬೇಕೆಂದು ಹೇಳಿತು. ಸಾಮಾಜಿಕವೆಂದರೆ ನಾವು ಕೂಡಲೇ ದೂರದ ಅನಾಥಾಶ್ರಮವನ್ನು ನೆನೆಯುತ್ತೇವೆ. ಕಾರಿತಾಸ್ ಇಂಡಿಯಾದ ತಪಸ್ಸುಕಾಲದ ನಿಧಿಗೆ ಕೊಡಬೇಕಾದದ್ದು ನಿಜ, ಕೊಡೋಣ. ಆದರೆ ಪಾಲು ವಿಚಾರದಲ್ಲಿ ಮುನಿದು ಹತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ದೇವಾಲಯದಲ್ಲಿ, ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ ಮೊಣಕಾಲೂರಿ ಶಿಲುಬೆಯ ಹಾದಿಯ ಕೀರ್ತನೆ ಹಾಡುವುದನ್ನು ಬಲಿಪೀಠದ ಬಳಿಯಿಂದ ನೋಡುವ ದೌರ್ಭಾಗ್ಯ ನಮ್ಮಂಥವರದ್ದು. 387ರ ತಪಸ್ಸುಕಾಲದಲ್ಲಿ ಅಂತಿಯೋಕ್ಯ ನಗರದಲ್ಲಿ ಸಂತ ಜಾನ್ ಕ್ರಿಸೋಸ್ತೋಮರು, ಕೋಳಿ ಮೀನು ಬಿಟ್ಟು ಸಹೋದರನನ್ನು ಕಚ್ಚಿ ತಿನ್ನುವವರ ಉಪವಾಸದಿಂದ ಏನು ಫಲ ಎಂಬರ್ಥದಲ್ಲಿ ಕೇಳಿದ್ದರು. ಆ ಅಣ್ಣತಮ್ಮಂದಿರ ಜಗಳದ ಭಾರವೂ ಇನ್ನೊಬ್ಬರ ತಲೆಯ ಮೇಲಿತ್ತು. ಇಬ್ಬರ ಮನೆಗೂ ಕದ್ದು ಮುಚ್ಚಿ ಓಡಾಡುತ್ತಿದ್ದ ಮುದಿ ತಾಯಿಯ ಮೇಲೆ.

ಮನೆಯಲ್ಲೇ ನಡೆಯುವ ಆಚರಣೆಗಳ ವಿಷಯದಲ್ಲಿ ನೆರೆಯ ಕೇರಳದ ಸಂತ ತೋಮಾಸರ ಕ್ರೈಸ್ತರು ನಮಗಿಂತ ಶ್ರೀಮಂತರು. ನಮ್ಮ ಧರ್ಮಕೇಂದ್ರದಲ್ಲಿರುವ ಅಂಥ ಕುಟುಂಬಗಳು ಪವಿತ್ರ ಗುರುವಾರದ ರಾತ್ರಿ ಹುಳಿಯಿಲ್ಲದ ಪೆಸಹ ಅಪ್ಪವನ್ನು ಮಾಡಿ, ಅದರ ಮೇಲೆ ಗರಿಯ ಶಿಲುಬೆಯಿಟ್ಟು, ಪ್ರಾರ್ಥನೆಯ ನಂತರ ಮನೆಯ ಹಿರಿಯರು ಅದನ್ನು ಮುರಿದು ಎಲ್ಲರಿಗೂ ಕೊಡುತ್ತಾರೆ. ಆ ವರ್ಷ ಸಾವಾದ ಮನೆಯಲ್ಲಿ ಅಪ್ಪ ಮಾಡುವುದಿಲ್ಲ. ನೆರೆಹೊರೆಯವರು, ನಂಟರು ತಮ್ಮ ಮನೆಯದನ್ನು ತಂದುಕೊಡುತ್ತಾರೆ. ಅಳುವ ಮನೆಯ ಒಲೆಗೆ ಅಂದು ಬಿಡುವು. ನಮ್ಮ ಹಿರಿಯರ ಶುಭ ಶುಕ್ರವಾರದ ತಣ್ಣನೆಯ ಒಲೆಯನ್ನು ಯಾವಾಗ, ಏಕೆ ಕೈಬಿಟ್ಟೆವೋ ನನಗೆ ತಿಳಿಯದು. ಬಹುಶಃ ಗ್ಯಾಸಿನ ಒಲೆ ಬಂದ ಮೇಲೆ ಹೊತ್ತಿಸುವುದು ಬಹಳ ಸುಲಭವಾಯಿತು.

ಆದ್ದರಿಂದ ಈಚೆಗೆ ಕುಟುಂಬಗಳಿಗೆ ನಾನು ಹೇಳುವುದು ಇಷ್ಟೇ. ಬೂದಿ ಬುಧವಾರದ ಹಿಂದಿನ ರಾತ್ರಿ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿ. ಯಾರು ಏನು ಬಿಡುತ್ತೀರೆಂದು ಕೇಳಿಕೊಳ್ಳುವ ಮೊದಲು, ಈ ಮನೆಯಲ್ಲಿ ಹೆಚ್ಚು ದಣಿದವರು ಯಾರೆಂದು ಕೇಳಿಕೊಳ್ಳಿ. ಶುಕ್ರವಾರಕ್ಕೆ ಎಲ್ಲರಿಗೂ ಒಂದೇ ಅಡುಗೆ ಇರಲಿ. ಕಾಯಿಲೆಯವರಿಗೂ ಹೊಂದುವಂಥದ್ದು, ಗಂಡಸರಿಗೂ ಮಾಡಲು ಬರುವಂಥದ್ದು. ಗಂಜಿಯಾದರೂ ಸರಿ, ಅವಲಕ್ಕಿಯಾದರೂ ಸರಿ. ಉಳಿದ ಹೊತ್ತಿನಲ್ಲಿ ಒಂದು ಕೀರ್ತನೆಯನ್ನೋ ಶುಭಸಂದೇಶದ ಒಂದು ಭಾಗವನ್ನೋ ಓದಿ, ಓದುವಾಗ ಯಾರೂ ಒಳಗೆ ಸಾರು ಕುದಿಸುತ್ತಾ ನಿಂತಿರಬಾರದು. ಉಳಿದ ಹಣವನ್ನು ಹರ್ಮಾಸ್ ಹೇಳಿದಂತೆ ಅಂದೇ ಎಣಿಸಿ ತೆಗೆದಿಡಿ; ನಾಳೆ ಎಂದರೆ ಅದು ಉಳಿಯುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಶುಕ್ರವಾರ ಸಂಜೆ ಅಡುಗೆಯವರು ಆರೂವರೆಗೆ ಹೊರಡುತ್ತಾರೆ. ಬ್ರೆಡ್ಡು ಬಾಳೆಹಣ್ಣು ನನಗೆ ಸಾಕು. ಮೊದಲ ವಾರ ಅದನ್ನು ಒಂದು ಸಾಧನೆಯೆಂದು ಭಾವಿಸಿದ್ದೆ, ಮೂರನೆಯ ವಾರದ ಹೊತ್ತಿಗೆ ಅದು ಬರೀ ಬ್ರೆಡ್ಡು ಬಾಳೆಹಣ್ಣಾಯಿತು.

ಆ ಮನೆಗೆ ಕಳೆದ ವರ್ಷ ಮತ್ತೆ ಹೋಗಿದ್ದೆ. ಯಜಮಾನರ ತಾಯಿ ತೀರಿಕೊಂಡಿದ್ದರು, ಮಗ ಓದಲು ಬೇರೆ ಊರಿಗೆ ಹೋಗಿದ್ದ. ಯಜಮಾನರು ಇನ್ನೂ ಕೆಲಸದಿಂದ ಬಂದಿರಲಿಲ್ಲ. ನೆನಪಿಟ್ಟುಕೊಂಡು ಹೋಗಿದ್ದ ಮಾತನ್ನು ಹೇಳಿದೆ: “ಅಮ್ಮ, ನೀವು ಹಿಂದೊಮ್ಮೆ ನಿಮ್ಮ ತಪಸ್ಸಿನ ಬಗ್ಗೆ ಕೇಳಿದ್ದಿರಿ. ಅವತ್ತು ನಾನು ಹೇಳಿದ್ದು ಸರಿಯಿರಲಿಲ್ಲ.” ಆಕೆ ಸ್ವಲ್ಪ ಹೊತ್ತು ಯೋಚಿಸಿದರು. “ಏನು ಕೇಳಿದ್ದೆನೋ, ನನಗೆ ನೆನಪಿಲ್ಲ ಫಾದರ್. ಕೂತಿರಿ, ಬಂದೆ” ಎಂದು ಎದ್ದು ಒಳಗೆ ಹೋದರು. ಕಾಫಿ ಬೇಡವೆಂದು ನಾನು ಹೇಳುವಷ್ಟರಲ್ಲಿ ಒಲೆ ಹೊತ್ತಿಸಿದ ಸದ್ದು ಕೇಳಿಸಿತು.